ಮೀನಿಗಿಂತ ಮೊದಲು ನೀರು ಪಳಗಲಿ

ಓದುಗರ ಪ್ರಶ್ನೆ – ಉತ್ತರ

ಈ ಸಲ ಬಂದ ಅಕ್ವೇರಿಯಂ ಪ್ರಶ್ನೆಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ: ಹೊಸ ಟ್ಯಾಂಕ್, ತಿಳಿ ನೀರು, ವಾರದೊಳಗೆ ಸತ್ತ ಮೀನು. ಹಾಗಾಗಿ ಪುಟವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಉತ್ತರದಲ್ಲಿರುವ ಅಳತೆಗಳೆಲ್ಲ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕಿಗೆ. ಲೆಕ್ಕಕ್ಕೆ ಅದು 56 ಲೀಟರ್. ಕಲ್ಲು, ಹೊಯ್ಗೆ, ಮೇಲೆ ಬಿಡುವ ಎರಡು ಬೆರಳು ಜಾಗ ಕಳೆದರೆ ಹಿಡಿಯುವ ನೀರು ಸುಮಾರು 50 ಲೀಟರ್. ನಿಮ್ಮದು ದೊಡ್ಡದಾದರೆ ಅದೇ ಪ್ರಮಾಣದಲ್ಲಿ ಹೆಚ್ಚಿಸಿಕೊಳ್ಳಿ.

ಪ್ರಶ್ನೆ: ಅಂಗಡಿಯವರು ಹೇಳಿದಂತೆ ಹೊಸ ಟ್ಯಾಂಕಿಗೆ ಬಾವಿ ನೀರು ತುಂಬಿಸಿ ಒಂದು ವಾರ ಫಿಲ್ಟರ್ ಓಡಿಸಿದೆವು. ನೀರು ಕನ್ನಡಿಯ ಹಾಗಿತ್ತು. ಎಂಟು ಮೀನು ಬಿಟ್ಟೆವು. ಐದನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ನಮ್ಮ ಬಾವಿಯ ನೀರನ್ನು ಮನೆಯವರೆಲ್ಲ ಕುಡಿಯುತ್ತೇವೆ. ತಪ್ಪಿದ್ದೆಲ್ಲಿ?
– ಓದುಗರು, ಕಟಪಾಡಿ

ಉತ್ತರ: ತಪ್ಪಿದ್ದು ಆ ಒಂದು ವಾರದಲ್ಲಿ. ಫಿಲ್ಟರ್ ಓಡಿತು, ಆದರೆ ಅದಕ್ಕೆ ಮಾಡಲು ಕೆಲಸವೇ ಇರಲಿಲ್ಲ.

ಮೀನು ತನ್ನ ಕಿವಿರಿನ ಮೂಲಕ ಹಗಲು ರಾತ್ರಿ ಅಮೋನಿಯಾ ಬಿಡುತ್ತದೆ. ಹಿಕ್ಕೆ, ತಿನ್ನದೆ ಉಳಿದ ತಿಂಡಿ ಕೊಳೆತರೂ ಅಮೋನಿಯಾವೇ. ಅದಕ್ಕೆ ಬಣ್ಣವಿಲ್ಲ, ಮೀನು ಸಾಯುವ ಮಟ್ಟದಲ್ಲಿಯೂ ಮೂಗಿಗೆ ವಾಸನೆ ಸಿಗುವುದಿಲ್ಲ. ಹೊಳೆಯಲ್ಲಿ, ಕೆರೆಯಲ್ಲಿ ಇದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ನೈಟ್ರೊಸೊಮೊನಾಸ್ ಗುಂಪಿನವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಮುಂದಿನ ಪಾಳಿ ನೈಟ್ರೊಸ್ಪೈರಾದ್ದು. ಅದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟನ್ನು ಮೀನು ಸಾಕಷ್ಟು ತಡೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಅದು ಹತೋಟಿಯಲ್ಲಿರುತ್ತದೆ. (ಎರಡೂ ಹೆಜ್ಜೆಯನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದು ಎಂದು 2015ರಲ್ಲಿ ಗೊತ್ತಾಯಿತು. ಅದೂ ನೈಟ್ರೊಸ್ಪೈರಾದ ಕುಟುಂಬದ್ದೇ.) ಇವು ನೀರಿನಲ್ಲಿ ತೇಲಿಕೊಂಡಿರುವುದು ಕಡಿಮೆ. ಫಿಲ್ಟರಿನ ಸ್ಪಾಂಜ್, ಸೆರಾಮಿಕ್ ರಿಂಗ್, ಕಲ್ಲಿನ ಮೈಗೆ ಅಂಟಿಕೊಂಡಿರುತ್ತವೆ. ಬೆಳೆಯುವುದು ಬಲು ನಿಧಾನ. ಹಾಲು ಕೆಡಿಸುವಂಥವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ ಇವಕ್ಕೆ ಹತ್ತಿರ ಹತ್ತಿರ ಒಂದು ದಿನ ಬೇಕು.

ಹೊಸ ಕಾವಲಿಗೆ ಎಣ್ಣೆ ಹಚ್ಚಿ ಪಳಗಿಸದೆ ನೀರುದೋಸೆ ಹೊಯ್ದರೆ ಏಳುವುದಿಲ್ಲ. ಫಿಲ್ಟರನ್ನೂ ಹಾಗೇ ಪಳಗಿಸಬೇಕು. ಕಾವಲಿಗೆ ಎಣ್ಣೆಯಾದರೆ ಇದಕ್ಕೆ ಅಮೋನಿಯಾ. ಬರೀ ನೀರಿನಲ್ಲಿ ವಾರವಲ್ಲ, ಎರಡು ತಿಂಗಳು ಓಡಿಸಿದರೂ ಫಿಲ್ಟರ್ ಹೊಸದಾಗಿಯೇ ಉಳಿಯುತ್ತದೆ. ಟ್ಯಾಂಕ್ ‘ಸೈಕಲ್’ ಮಾಡುವುದು ಎಂದು ಹವ್ಯಾಸಿಗಳು ಹೇಳುವುದು ಈ ಪಳಗಿಸುವ ಕೆಲಸಕ್ಕೇ. ಮೀನಿಲ್ಲದೆ ಮಾಡುವ ವಿಧಾನ ಹೀಗಿದೆ.

ಮೊದಲು ಬೇಕಾದ್ದು ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್: ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ), ಕೆಎಚ್ (ಹುಳಿಯನ್ನು ನುಂಗುವ ಬೈಕಾರ್ಬನೇಟಿನ ಅಳತೆ, ಡಿಗ್ರಿಯಲ್ಲಿ) ಈ ಐದಕ್ಕೆ. ಕಾಗದದ ಪಟ್ಟಿಗಳು ಅಗ್ಗ, ಆದರೆ ನಮ್ಮ ಕರಾವಳಿಯ ಗಾಳಿಯ ತೇವಕ್ಕೆ ಡಬ್ಬಿ ತೆರೆದ ಕೆಲವೇ ವಾರಗಳಲ್ಲಿ ಕೆಡುತ್ತವೆ. ಹಣ ಹಾಕುವುದಾದರೆ ಬಣ್ಣದ ಲೈಟಿಗಿಂತ ಮೊದಲು ಕಿಟ್ಟಿಗೆ ಹಾಕಿ.

ಅಮೋನಿಯಾಕ್ಕೆ ಅಮೋನಿಯಂ ಕ್ಲೋರೈಡ್ ಒಳ್ಳೆಯದು. ಪ್ರಯೋಗಾಲಯಕ್ಕೆ ರಾಸಾಯನಿಕ ಮಾರುವ ಅಂಗಡಿಯಲ್ಲಿ ಶುದ್ಧವಾದದ್ದು ಸಿಗುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಲು ಬಳಸುವ ನವಸಾಗರವೂ ಇದೇ ವಸ್ತು, ಆದರೆ ಅದರಲ್ಲಿ ಲೋಹದ ಬೆರಕೆ ಇರಬಹುದು. ಅದು ಬೇಡ. 32 ಗ್ರಾಂ ಅಮೋನಿಯಂ ಕ್ಲೋರೈಡನ್ನು ಶುದ್ಧ ನೀರಿನಲ್ಲಿ ಕರಗಿಸಿ ಒಟ್ಟು 1 ಲೀಟರ್ ಮಾಡಿ, ಕುಪ್ಪಿಯ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ. ಈ ದ್ರಾವಣದ 1 ಮಿಲಿ, 10 ಲೀಟರ್ ನೀರಿನಲ್ಲಿ ಅಮೋನಿಯಾವನ್ನು 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಏರಿಸುತ್ತದೆ. ನಮಗೆ ಬೇಕಾದ್ದು 2 ಪಿಪಿಎಂ. ಅಂದರೆ 50 ಲೀಟರಿಗೆ 10 ಮಿಲಿ. ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಬೇಗ ಆಗಲೆಂದು ಹೆಚ್ಚು ಸುರಿಯುವವರಿದ್ದಾರೆ. 5 ಪಿಪಿಎಂ ದಾಟಿದರೆ ಬೇಕಾದ ಬ್ಯಾಕ್ಟೀರಿಯಾಗಳ ಬೆಳವಣಿಗೆಯೇ ಕುಂಠಿತವಾಗುತ್ತದೆ.

ಕಲ್ಲು, ಹೊಯ್ಗೆಯನ್ನು ಸೋಪು ತಾಗಿಸದೆ ತೊಳೆದು ಹಾಕಿ, ನೀರು ತುಂಬಿಸಿ, ಫಿಲ್ಟರ್ ಮತ್ತು ಗಾಳಿಯ ಪಂಪ್ ಎರಡನ್ನೂ 24 ಗಂಟೆ ಓಡಿಸಿ. ಆಮೇಲೆ ಪಿಎಚ್ ಮತ್ತು ಕೆಎಚ್ ನೋಡಿ. ಬಾವಿಯಿಂದ ಆಗಷ್ಟೇ ಸೇದಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಪಿಎಚ್ ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕಾಗಿ ಈ ಒಂದು ದಿನದ ಕಾಯುವಿಕೆ. ಕೆಎಚ್ 4ಕ್ಕಿಂತ ಕಡಿಮೆ ಇದ್ದರೆ ಮುಂದಿನ ಉತ್ತರದಲ್ಲಿ ಹೇಳಿದಂತೆ ಏರಿಸಿಕೊಂಡ ಮೇಲೆಯೇ ಅಮೋನಿಯಾ ಹಾಕಿ.

10 ಮಿಲಿ ಹಾಕಿ ಒಂದು ಗಂಟೆ ಬಿಟ್ಟು ಪರೀಕ್ಷಿಸಿ, 2 ಪಿಪಿಎಂ ಬಂತೆಂದು ಖಚಿತ ಮಾಡಿಕೊಳ್ಳಿ. ನಂತರ ಎರಡು ದಿನಕ್ಕೊಮ್ಮೆ ಅಳೆದು ಬರೆದಿಡಿ. ಮೊದಲ ವಾರ ಹತ್ತು ದಿನ ಏನೂ ಬದಲಾಗದಿರಬಹುದು. ಆಮೇಲೆ ಅಮೋನಿಯಾ ಇಳಿಯತೊಡಗುತ್ತದೆ, ನೈಟ್ರೈಟ್ ಕಾಣಿಸುತ್ತದೆ. ಅಮೋನಿಯಾ 0.5ಕ್ಕಿಂತ ಕೆಳಗಿಳಿದಾಗಲೆಲ್ಲ ಮತ್ತೆ 10 ಮಿಲಿ. ನೈಟ್ರೈಟ್ ಕಿಟ್ಟಿನ ಅತಿ ಗಾಢ ಬಣ್ಣಕ್ಕೆ ಏರಿ ಅಲ್ಲೇ ನಿಂತರೆ ಅಮೋನಿಯಾ ಹಾಕುವುದನ್ನು ನಿಲ್ಲಿಸಿ ಅರ್ಧ ನೀರು ಬದಲಿಸಿ. ಈ ಎರಡನೆಯ ಹಂತವೇ ಅತಿ ಉದ್ದ. ಎಲ್ಲ ಸೇರಿ ನಾಲ್ಕರಿಂದ ಆರು ವಾರ ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಕೋಣೆಯ ನೀರೇ 27–30 ಡಿಗ್ರಿ ಇರುವುದರಿಂದ ಹೀಟರ್ ಬೇಡ. ಈ ಬ್ಯಾಕ್ಟೀರಿಯಾಗಳಿಗೆ ಇದು ಹಬ್ಬದ ಹವೆ.

ಇನ್ನೊಂದು ಸಣ್ಣ ವಿಷಯ: ಬ್ಯಾಕ್ಟೀರಿಯಾಗಳಿಗೆ ಒಂದಿಷ್ಟು ರಂಜಕವೂ ಬೇಕು. ಶುದ್ಧ ಅಮೋನಿಯಂ ಕ್ಲೋರೈಡಿನಲ್ಲಿ ಅದಿಲ್ಲ, ಮೆದು ಬಾವಿ ನೀರಿನಲ್ಲಿಯೂ ಇಲ್ಲದಂತೆಯೇ. ವಾರಕ್ಕೊಮ್ಮೆ ಒಂದು ಚಿಟಿಕೆ ಮೀನಿನ ತಿಂಡಿ ಉದುರಿಸಿದರೆ ಸಾಕು.

ನೀವು ಕುಡಿಯುವ ನೀರಿನಲ್ಲಿ ದೋಷವಿಲ್ಲ. ಅದಕ್ಕಿರುವುದು ಒಂದು ಕೊರತೆ. ಮುಂದಿನ ಪ್ರಶ್ನೆ ಅದರದ್ದೇ.

ಪ್ರಶ್ನೆ: ಮೀನಿಲ್ಲದೆಯೇ ಸೈಕಲ್ ಮಾಡುತ್ತಿದ್ದೇನೆ. ಅಮೋನಿಯಾ ಇಳಿದು ನೈಟ್ರೈಟ್ ಬಂತು, ಖುಷಿಯಾಯಿತು. ಅಲ್ಲಿಗೇ ನಿಂತಿದೆ. ಇಪ್ಪತ್ತು ದಿನದಿಂದ ಅಮೋನಿಯಾವೂ ಇಳಿಯುತ್ತಿಲ್ಲ, ನೈಟ್ರೈಟೂ ಇಳಿಯುತ್ತಿಲ್ಲ. ಎರಡು ಸಲ ಬಾಟಲಿಯ ಬ್ಯಾಕ್ಟೀರಿಯಾ ಹಾಕಿದೆ. ಬಾವಿ ನೀರು. ಪಿಎಚ್ ಈಗ 5.8.
– ಓದುಗರು, ಸುರತ್ಕಲ್

ಉತ್ತರ: ಉತ್ತರ ನಿಮ್ಮ ಕೊನೆಯ ಸಾಲಿನಲ್ಲಿಯೇ ಇದೆ. ಪಿಎಚ್ 6.5ಕ್ಕಿಂತ ಇಳಿದಂತೆ ಈ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗುತ್ತದೆ, 6ರ ಕೆಳಗೆ ಬಹುತೇಕ ನಿಲ್ಲುತ್ತದೆ. ಅವು ಸತ್ತಿಲ್ಲ, ಕೈಕಟ್ಟಿ ಕುಳಿತಿವೆ. ಇನ್ನೆರಡು ಬಾಟಲಿ ತಂದು ಸುರಿದರೆ ಅವೂ ಹಾಗೇ ಕುಳಿತುಕೊಳ್ಳುತ್ತವೆ.

ಪಿಎಚ್ ಇಳಿದದ್ದು ಏಕೆ? ಅಮೋನಿಯಾ ನೈಟ್ರೈಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ನುಂಗುವುದು ನೀರಿನಲ್ಲಿರುವ ಬೈಕಾರ್ಬನೇಟ್. ಅದರ ಅಳತೆಯೇ ಕೆಎಚ್. ಸುಣ್ಣಕಲ್ಲಿನ ನೆಲದ ನೀರಿನಲ್ಲಿ ಕೆಎಚ್ ಧಾರಾಳ ಇರುತ್ತದೆ. ಬೇರೆ ಕಡೆಯವರು ಬರೆದ ಕ್ರಮಗಳಲ್ಲಿ ಇದರ ಸುದ್ದಿಯೇ ಬರದಿರುವುದು ಅದಕ್ಕೆ. ನಮ್ಮದು ಮುರಕಲ್ಲಿನ ನೆಲ. ಲಕ್ಷಾಂತರ ವರ್ಷ ಮಳೆ ಸುರಿದು ಕ್ಯಾಲ್ಸಿಯಂ ಎಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯುಮಿನಿಯಂ ಮಾತ್ರ ಉಳಿದ ಕಲ್ಲು ಅದು. ಅದರೊಳಗಿಂದ ಒಸರಿ ಬರುವ ಬಾವಿ ನೀರು ಮೆದು, ಸ್ವಲ್ಪ ಹುಳಿ, ಕೆಎಚ್ ಹೆಚ್ಚಾಗಿ 1–2 ಡಿಗ್ರಿ. ಸೋಪಿಗೆ ನೊರೆ ಚೆನ್ನಾಗಿ ಬರುವುದೂ ಈ ಗುಣದಿಂದಲೇ.

ಲೆಕ್ಕ ನೋಡಿ. 2 ಪಿಪಿಎಂ ಅಮೋನಿಯಾ ಪೂರ್ತಿ ನೈಟ್ರೇಟ್ ಆಗಲು ಸುಮಾರು 0.7 ಡಿಗ್ರಿ ಕೆಎಚ್ ಖರ್ಚಾಗುತ್ತದೆ. ಕೆಎಚ್ 1 ಇರುವ ನೀರು ಎರಡು ಸಲದ ಅಮೋನಿಯಾಕ್ಕೇ ಬರಿದಾಯಿತು. ಹತ್ತು ಹನ್ನೆರಡು ಸಲ ಅಮೋನಿಯಾ ಹಾಕಬೇಕಾದ ಕೆಲಸಕ್ಕೆ ಅದು ಎಲ್ಲಿಗೆ ಸಾಲುತ್ತದೆ? ಕರಾವಳಿಯಲ್ಲಿ ಅರ್ಧಕ್ಕೆ ನಿಂತ ಟ್ಯಾಂಕ್ ಕಂಡಾಗ ಮೊದಲು ಅಳೆಯಬೇಕಾದ್ದು ಕೆಎಚ್. ಬ್ಯಾಕ್ಟೀರಿಯಾದ ವಿಚಾರ ಆಮೇಲೆ.

ಸರಿಪಡಿಸುವುದು ಕಷ್ಟವಲ್ಲ. ಅರ್ಧ ನೀರು ಬದಲಿಸಿ. ಅಡುಗೆ ಸೋಡಾ 50 ಲೀಟರಿಗೆ 1.5 ಗ್ರಾಂ ಹಾಕಿದರೆ ಕೆಎಚ್ 1 ಡಿಗ್ರಿ ಏರುತ್ತದೆ. ನಿಮಗೆ 5 ಡಿಗ್ರಿಯ ಹತ್ತಿರ ಬೇಕು, ಅಂದರೆ 6–7 ಗ್ರಾಂ. ಟೀ ಚಮಚವನ್ನು ಮಟ್ಟವಾಗಿ ತುಂಬಿದರೆ ಸುಮಾರು 5 ಗ್ರಾಂ ಹಿಡಿಯುತ್ತದೆ. ಒಂದು ಚೊಂಬು ನೀರಿನಲ್ಲಿ ಕರಗಿಸಿ ಇವತ್ತು ಅರ್ಧ, ನಾಳೆ ಅರ್ಧ ಹಾಕಿ. ಮೂರರಿಂದ ಏಳು ದಿನದಲ್ಲಿ ಅಂಕಿಗಳು ಚಲಿಸತೊಡಗುತ್ತವೆ. ಅಲ್ಲಿಂದ ವಾರಕ್ಕೆರಡು ಸಲ ಕೆಎಚ್ ಅಳೆದು 3ಕ್ಕಿಂತ ಇಳಿಯದಂತೆ ನೋಡಿಕೊಳ್ಳಿ. ಕೆಎಚ್ ಕಿಟ್ಟಿನಲ್ಲಿ ಮೊದಲ ಹನಿಗೇ ಬಣ್ಣ ತಿರುಗಿದರೆ ಪರೀಕ್ಷಾ ನಳಿಕೆಯಲ್ಲಿ ನೀರನ್ನು ಎರಡರಷ್ಟು ತೆಗೆದುಕೊಳ್ಳಿ. ಆಗ ಒಂದು ಹನಿ ಅರ್ಧ ಡಿಗ್ರಿಯಾಗುತ್ತದೆ, ಮೆದು ನೀರಿನಲ್ಲಿ ಅಷ್ಟು ಸೂಕ್ಷ್ಮ ಬೇಕೇ ಬೇಕು.

ಪೊಟ್ಟಣದ ಮೇಲೆ ಸೋಡಿಯಂ ಬೈಕಾರ್ಬನೇಟ್ ಎಂದೇ ಇರಬೇಕು. ಬೇಕಿಂಗ್ ಪೌಡರ್ ಬೇರೆ, ಬಟ್ಟೆ ಒಗೆಯುವ ಸೋಡಾ ಬೇರೆ.

ಸೋಡಾ ತಕ್ಷಣದ ಮದ್ದು. ಮುಂದೆ ಮೀನು ಇರುವಾಗ ದಿನನಿತ್ಯದ ರಕ್ಷಣೆಗೆ ಚಿಪ್ಪು ಒಳ್ಳೆಯದು, ಅದಕ್ಕೆ ನಮ್ಮಲ್ಲಿ ಬರವಿಲ್ಲ. ಮರುವಾಯಿ ಪದಾರ್ಥ ಮಾಡುವ ದಿನ ಮಸಾಲೆ ಸೇರುವ ಮೊದಲೇ ಖಾಲಿ ಚಿಪ್ಪುಗಳನ್ನು ತೆಗೆದಿಟ್ಟು, ಕುದಿಸಿ, ಬ್ರಶ್ಶಿನಲ್ಲಿ ಉಜ್ಜಿ, ಎರಡು ಮೂರು ದಿನ ಬಿಸಿಲಿಗೆ ಒಣಗಿಸಿ. 100–150 ಗ್ರಾಂ ಚಿಪ್ಪನ್ನು ದಪ್ಪಗೆ ಪುಡಿಮಾಡಿ ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಹರಿಯುವಲ್ಲಿ ಇಡಿ. ನೀರು ಹುಳಿಯಾದರೆ ಚಿಪ್ಪು ಕರಗುತ್ತದೆ, ಪಿಎಚ್ 7.5ರ ಹತ್ತಿರ ಬಂದಂತೆ ಕರಗುವುದು ತಾನಾಗಿಯೇ ಬಹಳ ಕಡಿಮೆಯಾಗುತ್ತದೆ. ಅತಿಯಾಗುವ ಭಯ ಕಡಿಮೆ. ಸೋಡಾದಲ್ಲಿ ಇಲ್ಲದ ಕ್ಯಾಲ್ಸಿಯಂ ಕೂಡ ಇದರಿಂದ ಸಿಗುತ್ತದೆ. ಆದರೆ ಅದೇ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವನ್ನು ಎಂದೂ ಹಾಕಬೇಡಿ. ಎಲೆಯಡಿಕೆಗೆ ಹಚ್ಚುವಷ್ಟು ಸುಣ್ಣವೂ ಸಣ್ಣ ಟ್ಯಾಂಕಿನ ಪಿಎಚ್ಚನ್ನು ಒಮ್ಮೆಲೇ ಮೇಲಕ್ಕೆ ಎಸೆಯುತ್ತದೆ.

ಪ್ರಶ್ನೆ: ಟಿಡಿಎಸ್ ಮೀಟರಿನಲ್ಲಿ 42 ಬರುತ್ತಿದೆ. ನೀರು ಮೀನಿಗೆ ಒಳ್ಳೆಯದೆಂದು ತಿಳಿಯಬಹುದೇ?
– ಓದುಗರು, ಕಾಪು

ಉತ್ತರ: ಇಲ್ಲ. ಆ ಮೀಟರ್ ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ಅಂದಾಜಿಸುತ್ತದೆ. ಮೀನು ಕೊಲ್ಲುವಷ್ಟು ಅಮೋನಿಯಾ ಇದ್ದರೂ ಅಂಕಿ ಹೆಚ್ಚೇನೂ ಬದಲಾಗುವುದಿಲ್ಲ. 42 ಎಂಬುದರಿಂದ ತಿಳಿಯುವುದು ಒಂದೇ: ನಿಮ್ಮ ನೀರು ತೀರಾ ಮೆದು, ಕೆಎಚ್ ಅಳೆಯದೆ ಮುಂದುವರಿಯಬಾರದು. ಆರ್‌ಒ ನೀರು ಬಳಸುವವರಿಗೂ ಇದೇ ಮಾತು.

ಪ್ರಶ್ನೆ: ನಮಗೆ ನಗರದ ನಳ್ಳಿ ನೀರು. ಕ್ಲೋರಿನ್ ಹೋಗಲು ಒಂದು ದಿನ ಹಿಡಿದಿಟ್ಟರೆ ಸಾಕೇ? ಊರಿನ ಮನೆಯಲ್ಲಿ ಬಾವಿ ಇದೆ, ಅಲ್ಲಿಂದ ತಂದರೆ ಈ ತಾಪತ್ರಯ ಇಲ್ಲವಲ್ಲ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಮಂಗಳೂರಿಗೆ ತುಂಬೆಯಿಂದ ಬರುವುದು ನೇತ್ರಾವತಿಯ ನೀರು, ಉಡುಪಿಗೆ ಬಜೆಯಿಂದ ಬರುವುದು ಸ್ವರ್ಣೆಯ ನೀರು. ಎರಡೂ ಮೆದು ಹೊಳೆ ನೀರೇ, ಶುದ್ಧೀಕರಿಸಿ ಕ್ಲೋರಿನ್ ಸೇರಿಸಿದ್ದು. ಅಗಲ ಬಾಯಿಯ ಬಕೆಟ್ಟಿನಲ್ಲಿ ಗಾಳಿಯ ಕಲ್ಲು (ಗಾಳಿಯ ಪಂಪಿನ ಕೊಳವೆಯ ತುದಿಗೆ ಸಿಕ್ಕಿಸುವ ಏರ್ ಸ್ಟೋನ್) ಬಿಟ್ಟು 24 ಗಂಟೆ ಗುಳ್ಳೆ ಬರಿಸಿದರೆ ಕ್ಲೋರಿನ್ ಹೋಗುತ್ತದೆ. ಮುಚ್ಚಳ ಹಾಕಿದ ಡ್ರಮ್ಮಿನಲ್ಲಿ ಸುಮ್ಮನೆ ಇಟ್ಟರೆ ಹೋಗುತ್ತದೆ ಎಂಬ ಭರವಸೆ ಬೇಡ. ಅವಸರಕ್ಕೆ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಹರಳು: 5 ಗ್ರಾಂ ಹರಳನ್ನು 100 ಮಿಲಿ ನೀರಿನಲ್ಲಿ ಕರಗಿಸಿಟ್ಟುಕೊಂಡು 10 ಲೀಟರ್ ಬಕೆಟ್ಟಿಗೆ 2 ಮಿಲಿ ಹಾಕಿ ಕಲಕಿ. ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ತಿಂಗಳಿಗೊಮ್ಮೆ ಹೊಸ ದ್ರಾವಣ ಮಾಡಿಕೊಳ್ಳಿ.

ಬಾವಿ ನೀರಿಗೆ ಕ್ಲೋರಿನ್ ಚಿಂತೆ ಇಲ್ಲ ಎಂದು ಮಾತ್ರ ತಿಳಿಯಬೇಡಿ. ಮಳೆಗಾಲದಲ್ಲಿ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ, ಮನೆಯವರಿಗೆ ಆ ದಿನದ ನೆನಪೂ ಇರುವುದಿಲ್ಲ. ಮನುಷ್ಯರಿಗೆ ಅದು ಬೇಕಾದದ್ದೇ. ಆದರೆ ಆರು ವಾರ ಬೆಳೆಸಿದ ಬ್ಯಾಕ್ಟೀರಿಯಾವನ್ನು ಅದೇ ಸಂಜೆ ಟ್ಯಾಂಕಿಗೆ ಹೊಯ್ದ ಎರಡು ಕೊಡಪಾನ ನೀರು ಕೊಲ್ಲಬಹುದು. ಬ್ಲೀಚಿಂಗ್ ಹಾಕಿದ ಮೇಲೆ ಮೂರು ನಾಲ್ಕು ದಿನ ಆ ನೀರು ಮುಟ್ಟಬೇಡಿ, ಆಮೇಲೂ ಒಂದು ವಾರ ಹೈಪೋ ಹಾಕಿಯೇ ಬಳಸಿ.

ತೋಟದ ನಡುವಿನ ಬಾವಿಯಾದರೆ ನೈಟ್ರೇಟ್ ಕೂಡ ಒಮ್ಮೆ ಪರೀಕ್ಷಿಸಿ. ಅಡಿಕೆ, ತೆಂಗಿಗೆ ಹಾಕಿದ ಗೊಬ್ಬರ ಇಳಿದು ಬಾವಿಯಲ್ಲೇ ನೈಟ್ರೇಟ್ ಇದ್ದರೆ, ಟ್ಯಾಂಕಿನಲ್ಲಿ ಅದನ್ನು ಕಂಡು ಸೈಕಲ್ ಮುಗಿಯಿತೆಂದು ಮೋಸಹೋಗುವ ಸಾಧ್ಯತೆ ಇದೆ.

ಪ್ರಶ್ನೆ: ಗೊತ್ತಿಲ್ಲದೆ ಹೊಸ ಟ್ಯಾಂಕಿಗೆ ಹತ್ತು ಗಪ್ಪಿ ಬಿಟ್ಟುಬಿಟ್ಟಿದ್ದೇವೆ. ಹನ್ನೆರಡು ದಿನವಾಯಿತು, ಮೂರು ಸತ್ತವು. ಉಳಿದವು ಮೇಲೆ ಬಂದು ಬಾಯಿ ಬಡಿಯುತ್ತಿವೆ, ಕಿವಿರು ಕಂದು ಬಣ್ಣಕ್ಕೆ ತಿರುಗಿದೆ. ಅಮೋನಿಯಾ 2, ನೈಟ್ರೈಟ್ 1, ಪಿಎಚ್ 6.4. ಪಿಎಚ್ ಕಡಿಮೆ, ಸೋಡಾ ಹಾಕಿ ಎಂದು ಪರಿಚಯದವರು ಹೇಳಿದರು. ಹಾಕಲೇ?
– ಓದುಗರು, ಮಣಿಪಾಲ

ಉತ್ತರ: ಈಗ ಸೋಡಾ ಹಾಕಬೇಡಿ! ಮೀನಿಲ್ಲದ ಟ್ಯಾಂಕಿಗೆ ಮದ್ದಾಗುವ ಸೋಡಾ ನಿಮ್ಮ ಟ್ಯಾಂಕಿನಲ್ಲಿ ವಿಷವಾಗುತ್ತದೆ.

ಕಿಟ್ ತೋರಿಸುವ 2 ಪಿಪಿಎಂ ಎರಡು ರೂಪಗಳ ಮೊತ್ತ. ಒಂದು ಅಮೋನಿಯಂ, ಅದರಿಂದ ಕೇಡು ಕಡಿಮೆ. ಇನ್ನೊಂದು ನಿಜವಾದ ಅಮೋನಿಯಾ, ಕಿವಿರನ್ನು ಸುಡುವುದು ಅದು. ಯಾವುದು ಎಷ್ಟು ಎಂದು ತೀರ್ಮಾನಿಸುವುದು ಪಿಎಚ್ ಮತ್ತು ಬಿಸಿ. 28 ಡಿಗ್ರಿ ನೀರಿನಲ್ಲಿ ಪಿಎಚ್ 6.5 ಇದ್ದರೆ ಕೆಟ್ಟ ರೂಪ ಶೇ. 0.2ರಷ್ಟು ಮಾತ್ರ, ಪಿಎಚ್ 7ರಲ್ಲಿ ಶೇ. 0.7, ಪಿಎಚ್ 8ರಲ್ಲಿ ಶೇ. 6.5. ಸೋಡಾ ಸುರಿದು ಪಿಎಚ್ಚನ್ನು 8ಕ್ಕೆ ಏರಿಸಿದರೆ ಅದೇ ನೀರಿನ ವಿಷ ಮೂವತ್ತು ಪಟ್ಟು. ಈಗಾಗಲೇ ಸೋತಿರುವ ಉಳಿದ ಏಳೂ ಹೋಗಬಹುದು.

ಕಂದು ಕಿವಿರಿಗೆ ಕಾರಣ ನೈಟ್ರೈಟ್. ಅದು ರಕ್ತ ಸೇರಿದರೆ ಪ್ರಾಣವಾಯು ಹೊರುವ ಶಕ್ತಿ ಕುಗ್ಗುತ್ತದೆ, ನೀರಿನಲ್ಲಿ ಗಾಳಿ ಇದ್ದರೂ ಮೀನಿಗೆ ಉಸಿರು ಸಿಗುವುದಿಲ್ಲ. ನೈಟ್ರೈಟ್ ಒಳಗೆ ಹೋಗುವುದು ಕಿವಿರಿನಲ್ಲಿ ಕ್ಲೋರೈಡ್ ಹೋಗುವ ದಾರಿಯಲ್ಲಿಯೇ. ನಮ್ಮ ಮೆದು ನೀರಿನಲ್ಲಿ ಕ್ಲೋರೈಡೂ ಕಡಿಮೆ, ದಾರಿ ನೈಟ್ರೈಟಿಗೆ ಖಾಲಿ ಬಿದ್ದಿರುತ್ತದೆ. ಆದ್ದರಿಂದ ಮೊದಲು ಕಲ್ಲುಪ್ಪು: 50 ಲೀಟರಿಗೆ 5 ಗ್ರಾಂ, ಒಂದು ಟೀ ಚಮಚ, ಕರಗಿಸಿ ಹಾಕಿ. ನಿಮ್ಮ 1 ಪಿಪಿಎಂ ನೈಟ್ರೈಟನ್ನು ತಡೆಯಲು ಇಷ್ಟು ಕ್ಲೋರೈಡ್ ಸಾಕು. ಗಿಡಗಳಿಗೂ ತೊಂದರೆಯಿಲ್ಲ.

ಗಾಳಿಯ ಪಂಪ್ ಪೂರ್ಣ ವೇಗಕ್ಕೆ ಬಿಡಿ. ಎರಡು ದಿನ ತಿಂಡಿ ಬೇಡ, ಗಪ್ಪಿಗಳು ಹಸಿವೆಯಿಂದ ಸಾಯುವುದಿಲ್ಲ. ದಿನಕ್ಕೆ 20 ಲೀಟರಿನಂತೆ ನೀರು ಬದಲಿಸಿ. ಮೊದಲೇ ಗಾಳಿ ಆಡಿಸಿಟ್ಟ ನಿಮ್ಮದೇ ನೀರು, ಅದೇ ಬಿಸಿ, ಹೆಚ್ಚುಕಡಿಮೆ ಅದೇ ಪಿಎಚ್ ಇರಬೇಕು. ಪ್ರತಿ 20 ಲೀಟರಿಗೆ 2 ಗ್ರಾಂ ಉಪ್ಪು ಸೇರಿಸಿ. ಅಮೋನಿಯಾ 0.25ರ ಕೆಳಗೆ ಬಂದ ಮೇಲೆ ಮಾತ್ರ ಸೋಡಾ, ಅದೂ ದಿನಕ್ಕೆ 0.75 ಗ್ರಾಂ, ಅಂದರೆ ಅರ್ಧ ಡಿಗ್ರಿಯಂತೆ, ಕೆಎಚ್ 4 ಆಗುವವರೆಗೆ. ಆಮೇಲೆ ಎರಡು ದಿನಕ್ಕೊಮ್ಮೆ ಚಿಟಿಕೆ ತಿಂಡಿ. ಅಮೋನಿಯಾ, ನೈಟ್ರೈಟ್ ಎರಡೂ ಕೂಡಿ 0.5 ದಾಟಿದ ದಿನ ಮತ್ತೆ ನೀರು ಬದಲಾವಣೆ. ಹೀಗೆ ತಿಂಗಳಿಗೂ ಹೆಚ್ಚು ಕಾಲ ನಡೆಯಬೇಕಾದೀತು. ಮೀನು ಇಟ್ಟುಕೊಂಡು ಪಳಗಿಸುವುದು ಮೀನಿಗೂ ಹಿಂಸೆ, ನಿಮಗೂ ದುಡಿಮೆ. ಗೆಳೆಯರ ಹಳೆಯ ಟ್ಯಾಂಕಿನಲ್ಲಿ ಜಾಗವಿದ್ದರೆ ಮೀನುಗಳನ್ನು ಅಲ್ಲಿಗೆ ಸಾಗಿಸಿ.

ಮೀನಿನ ಜೊತೆಗೆ ಸಿಗುವ ನೀಲಿ ಔಷಧ, ಮೆಥಿಲೀನ್ ಬ್ಲೂ, ಇದಕ್ಕೆ ಮದ್ದೆಂದು ಟ್ಯಾಂಕಿಗೇ ಹಾಕಬೇಡಿ. ಅದು ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಹಾನಿಕರ. ಬೇರೆ ಬಕೆಟ್ಟಿನಲ್ಲಿ ಚಿಕಿತ್ಸೆ ಮಾಡಲು ಮಾತ್ರ ಅದು.

ಪ್ರಶ್ನೆ: ಮೂರನೆಯ ದಿನಕ್ಕೆ ನೀರು ಗಂಜಿ ತೆಳಿಯ ಹಾಗೆ ಬೆಳ್ಳಗಾಯಿತು. ಪೂರ್ತಿ ಖಾಲಿ ಮಾಡಿ ತೊಳೆದೆ. ಮತ್ತೆ ಹಾಗೇ ಆಯಿತು.
– ಓದುಗರು, ಉಳ್ಳಾಲ

ಉತ್ತರ: ತೊಳೆದದ್ದರಿಂದಲೇ ಮತ್ತೆ ಆಯಿತು. ಇವು ಬೇರೆ ಜಾತಿಯ, ಕೊಳೆ ತಿನ್ನುವ, ಬೇಗ ಬೆಳೆಯುವ ಬ್ಯಾಕ್ಟೀರಿಯಾ. ಹೊಸ ನೀರಿನಲ್ಲಿ ಎದುರಾಳಿಗಳಿಲ್ಲದ ಕಾರಣ ಒಮ್ಮೆಲೇ ಹೆಚ್ಚುತ್ತವೆ. ಮೀನಿಲ್ಲದ ಟ್ಯಾಂಕಾದರೆ ಸುಮ್ಮನೆ ಬಿಡಿ, ಗಾಳಿ ಹೆಚ್ಚಿಸಿ, ತಿಂಡಿ ಉದುರಿಸುತ್ತಿದ್ದರೆ ನಿಲ್ಲಿಸಿ. ಐದರಿಂದ ಹತ್ತು ದಿನದಲ್ಲಿ ತಿಳಿಯಾಗುತ್ತದೆ. ಹೊಯ್ಗೆ ಸರಿಯಾಗಿ ತೊಳೆಯದಿದ್ದರೂ ಬೆಳ್ಳಗಾಗುತ್ತದೆ, ಆದರೆ ಅದು ಮೊದಲ ದಿನವೇ ಕಾಣಿಸುತ್ತದೆ.

ಪ್ರಶ್ನೆ: ಆರು ವಾರ ಕಾಯುವುದು ಕಷ್ಟ. ಬಾಟಲಿಯ ಬ್ಯಾಕ್ಟೀರಿಯಾ, ಹಳೆಯ ಫಿಲ್ಟರಿನ ಸ್ಪಾಂಜ್, ಸಿಗಡಿ ಹಾಕುವುದು – ಈ ಮೂರರಲ್ಲಿ ಯಾವುದು ಬೇಗ?
– ಓದುಗರು, ಬ್ರಹ್ಮಾವರ

ಉತ್ತರ: ಸ್ಪಾಂಜ್, ಸಂಶಯವೇ ಇಲ್ಲ. ಒಂದು ವರ್ಷದಿಂದ ಆರೋಗ್ಯವಾಗಿ ನಡೆಯುತ್ತಿರುವ ಟ್ಯಾಂಕಿನ ಅರ್ಧ ಸ್ಪಾಂಜ್ ಅಥವಾ ಒಂದು ಹಿಡಿ ಸೆರಾಮಿಕ್ ರಿಂಗ್ ನಿಮ್ಮ ಫಿಲ್ಟರಿಗೆ ಸೇರಿದರೆ ಆರು ವಾರದ ಕೆಲಸ ಒಂದೆರಡು ವಾರಕ್ಕೆ ಇಳಿಯಬಹುದು. ಅದೇ ಟ್ಯಾಂಕಿನ ಸ್ವಲ್ಪ ನೀರಿನೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆಯಾಗಿಯೇ ತನ್ನಿ, ಕಾರಿನಲ್ಲಿ ಬಿಸಿಲಿಗೆ ಇಡಬೇಡಿ, ಒಂದು ಗಂಟೆಯೊಳಗೆ ಫಿಲ್ಟರಿಗೆ ಸೇರಿಸಿ. ನಳ್ಳಿಯ ಕೆಳಗೆ ‘ಶುಚಿ’ ಮಾಡಿದಿರೋ, ತಂದದ್ದು ವ್ಯರ್ಥ. ಸ್ಪಾಂಜ್ ಕೊಡಲು ಮನಸ್ಸಿಲ್ಲದವರು ಅದನ್ನು ಹಿಂಡಿದ ಕೆಸರು ನೀರು ಕೊಟ್ಟರೂ ನಡೆದೀತು, ಫಲ ಅಷ್ಟಿಲ್ಲ. ಆ ಟ್ಯಾಂಕಿಗೆ ತಿಂಗಳಿನಿಂದ ಹೊಸ ಮೀನು ಬಂದಿರಬಾರದು, ರೋಗವೂ ಜೊತೆಗೇ ಬರುತ್ತದೆ. ಇದೇ ಕಾರಣಕ್ಕೆ ಅಂಗಡಿಯ ಟ್ಯಾಂಕಿನಿಂದ ತರಬೇಡಿ.

ಬಾಟಲಿಗಳಲ್ಲಿ ಕೆಲವು ಕೆಲಸ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಪಟ್ಟಿಯಲ್ಲಿ ನೈಟ್ರೊಸೊಮೊನಾಸ್, ನೈಟ್ರೊಸ್ಪೈರಾ ಎಂಬ ಹೆಸರಿದೆಯೇ ನೋಡಿ. ಬರೀ ಬ್ಯಾಸಿಲಸ್ ಇದ್ದರೆ ಅದು ಕೊಳೆ ಕರಗಿಸುವ ಜಾತಿ, ನಮಗೆ ಬೇಕಾದ್ದಲ್ಲ. ಅವಧಿ ನೋಡಿ. ನಮ್ಮ ಏಪ್ರಿಲ್–ಮೇ ಸೆಕೆಯಲ್ಲಿ ಅಂಗಡಿಯ ಬಿಸಿಲು ಬೀಳುವ ಕಪಾಟಿನಲ್ಲಿ ಕುಳಿತ ಬಾಟಲಿ ಕೊಳ್ಳಬೇಡಿ.

ಸಿಗಡಿ ಬ್ಯಾಕ್ಟೀರಿಯಾ ಕೊಡುವ ವಿಧಾನವಲ್ಲ, ಅಮೋನಿಯಾ ಕೊಡುವ ವಿಧಾನ. ಅಮೋನಿಯಂ ಕ್ಲೋರೈಡ್ ಸಿಗದಿದ್ದರೆ ಮಾತ್ರ: ಒಂದು ಮಧ್ಯಮ ಗಾತ್ರದ ಹಸಿ ಸಿಗಡಿಯನ್ನು ಉಪ್ಪು ಹಚ್ಚದೆ ತೆಳು ಬಟ್ಟೆಯಲ್ಲಿ ಕಟ್ಟಿ ಇಳಿಬಿಡಿ, ಅಮೋನಿಯಾ 2 ಪಿಪಿಎಂ ಮುಟ್ಟಿದ ದಿನ ತೆಗೆದುಬಿಡಿ. ನಾರುತ್ತದೆ, ನೀರು ಮಬ್ಬಾಗುತ್ತದೆ, ಅಳತೆ ನಿಮ್ಮ ಕೈಯಲ್ಲಿರುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಆರೆಂಟು ಗಂಟೆ ಕರೆಂಟ್ ಹೋಗುವುದುಂಟು. ಮಾಡಿದ ಸೈಕಲ್ ಹಾಳಾಗುತ್ತದೆಯೇ?
– ಓದುಗರು, ಕುಂದಾಪುರ

ಉತ್ತರ: ಫಿಲ್ಟರ್ ಯಾವ ಬಗೆಯದು ಎಂಬುದರ ಮೇಲಿದೆ. ಟ್ಯಾಂಕಿನೊಳಗೇ ಇರುವ ಸ್ಪಾಂಜ್ ಫಿಲ್ಟರಾದರೆ ಸುತ್ತಲಿನ ನೀರಿನ ಪ್ರಾಣವಾಯು ಅದಕ್ಕೆ ಸಿಗುತ್ತದೆ, ಎಂಟು ಗಂಟೆಗೆ ಏನೂ ಆಗದು. ಹೊರಗಿಡುವ ಮುಚ್ಚಿದ ಕ್ಯಾನಿಸ್ಟರ್ ಹಾಗಲ್ಲ. ಒಳಗಿನ ಪ್ರಾಣವಾಯು ಕೆಲವೇ ಗಂಟೆಯಲ್ಲಿ ಮುಗಿಯುತ್ತದೆ. ಎರಡು ಗಂಟೆ ದಾಟಿದರೆ ಅದನ್ನು ಬಿಚ್ಚಿ ಒಳಗಿನ ಸ್ಪಾಂಜ್, ರಿಂಗ್‌ಗಳನ್ನು ಬಲೆಚೀಲದಲ್ಲಿ ಟ್ಯಾಂಕಿನೊಳಗೇ ಇಡಿ. ಬಿಚ್ಚಲಾಗದಿದ್ದರೆ ಕರೆಂಟ್ ಬಂದಾಗ ಒಳಗೆ ಕೊಳೆತ ನೀರನ್ನು ಹೊರಗೆ ಚೆಲ್ಲಿದ ಮೇಲೆಯೇ ಚಾಲೂ ಮಾಡಿ. ಇಲ್ಲವಾದರೆ ಆ ಕೆಟ್ಟ ನೀರು ಪೂರ್ತಿ ಮೀನಿನ ಮೇಲೆ ಬೀಳುತ್ತದೆ.

ಕರಾವಳಿಗೆ ನಮ್ಮ ಶಿಫಾರಸು ಗಾಳಿಯ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರೇ. ಯುಎಸ್‌ಬಿಯಲ್ಲಿ ನಡೆಯುವ 1 ವಾಟ್‌ನ ಪಂಪನ್ನು 10,000 ಎಂಎಎಚ್ ಪವರ್ ಬ್ಯಾಂಕಿಗೆ ಸಿಕ್ಕಿಸಿದರೆ ಒಂದು ಹಗಲು, ಒಂದು ರಾತ್ರಿ ನಡೆಯುತ್ತದೆ. ಕೆಲವು ಪವರ್ ಬ್ಯಾಂಕ್‌ಗಳು ಇಷ್ಟು ಸಣ್ಣ ಹೊರೆಗೆ ತಾವಾಗಿಯೇ ಆಫ್ ಆಗುತ್ತವೆ, ಮಳೆಗೆ ಮೊದಲೇ ಪರೀಕ್ಷಿಸಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಕೊಳವೆಗೆ ಚೆಕ್ ವಾಲ್ವ್ ಹಾಕಿ. ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೂ ನೆಲಕ್ಕೂ ಇಳಿಯುವುದು ತಪ್ಪುತ್ತದೆ.

ಪ್ರಶ್ನೆ: ಪಳಗಿದೆ ಎಂದು ಖಚಿತವಾಗಿ ತಿಳಿಯುವುದು ಹೇಗೆ? ಮೊದಲ ದಿನ ಎಷ್ಟು ಮೀನು ಬಿಡಬಹುದು?
– ಓದುಗರು, ಮೂಲ್ಕಿ

ಉತ್ತರ: ಸಂಜೆ 2 ಪಿಪಿಎಂ ಅಮೋನಿಯಾ ಹಾಕಿ. ಮರುದಿನ ಅದೇ ಹೊತ್ತಿಗೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಹೆಚ್ಚಿರಬೇಕು. ಎರಡು ದಿನ ಸತತವಾಗಿ ಹೀಗೆ ಬಂದರೆ ಪಳಗಿದೆ. ನೈಟ್ರೇಟ್ ಬಾರದಿದ್ದರೆ ಕಿಟ್ಟಿನ ಬಾಟಲಿಯನ್ನು ಚೆನ್ನಾಗಿ ಕುಲುಕಿ ಮತ್ತೆ ನೋಡಿ. ಕೆಲವು ಕಿಟ್‌ಗಳಲ್ಲಿ ಎರಡನೆಯ ಬಾಟಲಿಯ ಪುಡಿ ತಳದಲ್ಲಿ ಗಟ್ಟಿಯಾಗಿ ಸುಳ್ಳು ಸೊನ್ನೆ ತೋರಿಸುತ್ತದೆ.

ಆಮೇಲೆ ಮುಕ್ಕಾಲು ಪಾಲು ನೀರು ಬದಲಿಸಿ ನೈಟ್ರೇಟನ್ನು 20 ಪಿಪಿಎಂ ಕೆಳಗೆ ತನ್ನಿ, ಕೆಎಚ್ ಮತ್ತೆ 4–5ಕ್ಕೆ ಹೊಂದಿಸಿ, ಅದೇ ದಿನ ಅಥವಾ ಮರುದಿನ ಮೀನು ಬಿಡಿ. ತಡವಾಗುವುದಾದರೆ ಎರಡು ದಿನಕ್ಕೊಮ್ಮೆ 5 ಮಿಲಿ ಅಮೋನಿಯಾ ದ್ರಾವಣ ಹಾಕುತ್ತಿರಿ, ಬ್ಯಾಕ್ಟೀರಿಯಾಗಳು ಹಸಿದಿರಬಾರದು.

ಎಷ್ಟು ಮೀನು ಎಂಬುದಕ್ಕೆ ಲೆಕ್ಕವಿದೆ. 1 ಗ್ರಾಂ ತಿಂಡಿಯಿಂದ 30–40 ಮಿಲಿಗ್ರಾಂ ಅಮೋನಿಯಾ ಹುಟ್ಟುತ್ತದೆ. ನಿಮ್ಮ ಫಿಲ್ಟರ್ ಈಗ ದಿನಕ್ಕೆ 50 ಲೀಟರಿನಲ್ಲಿ 2 ಪಿಪಿಎಂ, ಅಂದರೆ 100 ಮಿಲಿಗ್ರಾಂ ಅರಗಿಸುತ್ತಿದೆ. ಹತ್ತು ಗಪ್ಪಿಗಳು ದಿನಕ್ಕೆ ತಿನ್ನುವುದು ಕಾಲು ಗ್ರಾಂ ಕೂಡ ಆಗದು. ಹಾಗಾಗಿ ಎಂಟು ಹತ್ತು ಸಣ್ಣ ಮೀನನ್ನು ಒಂದೇ ದಿನ ಧೈರ್ಯವಾಗಿ ಬಿಡಬಹುದು. ಗೋಲ್ಡ್ ಫಿಶ್ ಮಾತ್ರ ಈ ಅಳತೆಯ ಟ್ಯಾಂಕಿಗೆ ಬೇಡ, ಫಿಲ್ಟರ್ ತಡೆದರೂ ಜಾಗ ಸಾಲದು.

ಚೀಲವನ್ನು 15 ನಿಮಿಷ ತೇಲಿಬಿಟ್ಟು, ಮುಕ್ಕಾಲು ಗಂಟೆಯಲ್ಲಿ ಸ್ವಲ್ಪ ಸ್ವಲ್ಪವೇ ಟ್ಯಾಂಕಿನ ನೀರು ಸೇರಿಸಿ, ಬಲೆಯಲ್ಲಿ ಮೀನನ್ನು ಮಾತ್ರ ಎತ್ತಿ ಬಿಡಿ. ಚೀಲದ ನೀರು ಚೆಲ್ಲಿ. ಮೊದಲ ಹತ್ತು ದಿನ ದಿನಾ ಅಮೋನಿಯಾ, ನೈಟ್ರೈಟ್ ನೋಡಿ. ಸ್ಪಾಂಜ್ ತೊಳೆಯುವಾಗಲೆಲ್ಲ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ವಾರಕ್ಕೊಮ್ಮೆ 10–12 ಲೀಟರ್ ಬದಲಾವಣೆ, ಅದೇ ದಿನ ಕೆಎಚ್ ಪರೀಕ್ಷೆ. ಜೂನ್ ದಾಟಿ ಬಾವಿ ಮೇಲಕ್ಕೆ ತುಂಬಿದಾಗ ನೀರು ಇನ್ನೂ ಮೆದುವಾಗುತ್ತದೆ. ಆಗ ಚಿಪ್ಪಿನ ಚೀಲ ತೆಗೆದು ನೋಡಿ, ಅರ್ಧ ಸವೆದಿದ್ದರೆ ಹೊಸ ಚಿಪ್ಪು ತುಂಬಿಸಿ.